ಸಂಬಳವನ್ನು ಬಿಟ್ಟು ನೇಗಿಲನ್ನು ಹಿಡಿಯುವದು ಯುಕ್ತವೋ?

ಈ ತಿಂಗಳು ನಾವು ಆಲೋಚಿಸುವದಕ್ಕೆ ಎತ್ತಿಕೊಂಡಿರುವ ಪ್ರಶ್ನೆಯು ಪಟ್ಟಣದ ಪಂಡಿತರಿಗೆ ಮಾತ್ರ ಸೇರಿದ್ದಲ್ಲ. ಹಾಲಿನ ಸಂಘದ ಮುಂದೆ ಕ್ಯಾನು ಇಟ್ಟುಕೊಂಡು ನಿಂತವರೂ, ಕಡೂರಿನ ಬಸ್ಸಿಗೆ ಕಾಯುತ್ತಾ ಕಟ್ಟೆಯ ಮೇಲೆ ಕುಳಿತವರೂ ಇದನ್ನು ಮಾತಾಡುತ್ತಾರೆ. ಪ್ರಶ್ನೆ ಏನಂದರೆ: ಒಬ್ಬನಿಗೆ ತಿಂಗಳು ತಪ್ಪದೆ ಸಂಬಳ ಕೊಡುವ ಸ್ಥಿರವಾದ ಉದ್ಯೋಗವಿರಲಾಗಿ, ಅವನು ಅದನ್ನು ತಾನಾಗಿಯೇ ಬಿಟ್ಟು, ಎರಡು ಮೂರು ಎಕರೆ ಭೂಮಿಯ ಬೇಸಾಯಗಾರನಾಗುವದು ಯುಕ್ತವೋ, ಅಯುಕ್ತವೋ?

ಇದಕ್ಕೆ ಜನರು ಎರಡು ಉತ್ತರಗಳನ್ನು ಬಲು ಬೇಗನೆ ಕೊಡುತ್ತಾರೆ. ಊರಿನವರು, "ಅವನಿಗೆ ಬುದ್ಧಿ ಕೆಟ್ಟಿದೆ, ಉಣ್ಣುವ ಅನ್ನವನ್ನು ಒದ್ದು ಬಂದಿದ್ದಾನೆ" ಅನ್ನುತ್ತಾರೆ. ಪಟ್ಟಣದವರು, "ಅವನು ಧೀರನು, ಮಣ್ಣಿನ ಋಣವನ್ನು ತೀರಿಸುವದಕ್ಕೆ ಹೋಗಿದ್ದಾನೆ" ಅನ್ನುತ್ತಾರೆ. ಇವೆರಡರಲ್ಲಿ ಒಂದು ನಿಂದೆ, ಇನ್ನೊಂದು ಸ್ತುತಿ. ಆದರೆ ಎರಡರಲ್ಲಿಯೂ ವಿಚಾರವಿಲ್ಲ. ಯಾಕಂದರೆ ಅವನು ಬಿಟ್ಟದ್ದು ಏನು, ಹಿಡಿದದ್ದು ಏನು, ಇದರ ಖರ್ಚನ್ನು ಯಾರು ಹೊರುವರು ಎಂಬ ಮೂರನ್ನೂ ಕೇಳದೆ ಯಾವನನ್ನೂ ಹುಚ್ಚನೆಂದಾಗಲಿ ಧೀರನೆಂದಾಗಲಿ ಕರೆಯಲಾಗದು.

ಮೊದಲು ಅವನು ಹಿಡಿಯುವ ವಸ್ತುವನ್ನು ನೋಡೋಣ. ನಮ್ಮ ಹಿರೇನಲ್ಲೂರು ಹೋಬಳಿಯು ಕಡೂರು ತಾಲ್ಲೂಕಿನ ಬಯಲುಸೀಮೆಗೆ ಸೇರಿದ್ದು. ಪಶ್ಚಿಮದಲ್ಲಿ ಬಾಬಾಬುಡನ್ ಗಿರಿಗಳು ಗೋಡೆಯ ಹಾಗೆ ನಿಂತು ಮುಂಗಾರಿನ ಮೋಡಗಳನ್ನು ತಡೆಯುತ್ತವೆ. ಒಂದೇ ಜಿಲ್ಲೆಯೊಳಗೆ ಮೂಡಿಗೆರೆಯವರು ಮಳೆ ಯಾವಾಗ ನಿಲ್ಲುವದೋ ಎಂದು ಕೇಳುವ ದಿವಸದಲ್ಲಿ ನಮ್ಮವರು ಯಾವಾಗ ಬರುವದೋ ಎಂದು ಕೇಳುತ್ತಾರೆ. ರಾಗಿ, ಜೋಳ, ಈರುಳ್ಳಿ, ತೆಂಗು, ನೀರಿದ್ದಲ್ಲಿ ಅಡಿಕೆ, ಇವೇ ನಮ್ಮ ಬೆಳೆಗಳು. ಹೊಯ್ಸಳರ ಕಾಲದ ಕಲ್ಲಿನ ದೇವಾಲಯವು ಹಿರೇನಲ್ಲೂರಿನಲ್ಲಿ ಈಗಲೂ ನಿಂತಿರುವದರಿಂದ, ಈ ಭೂಮಿಯನ್ನು ನಂಬಿ ಜನರು ನೂರಾರು ವರುಷಗಳಿಂದ ಬಾಳಿದ್ದಾರೆಂಬದು ಸ್ಪಷ್ಟ. ಆದರೆ ಹಿಂದಿನವರು ಬಾಳಿದರೆಂಬದರಿಂದ ಸುಖವಾಗಿ ಬಾಳಿದರೆಂದು ಹೇಳಕೂಡದು. ಒಳ್ಳೆಯ ವರುಷದ ರಾಗಿಯನ್ನು ಹಗೇವಿನಲ್ಲಿ ತುಂಬಿ ಕೆಟ್ಟ ವರುಷಕ್ಕೆ ಕಾಯ್ದಿಡುತ್ತಿದ್ದ ನಮ್ಮ ಹಿರಿಯರು, ಕೆಟ್ಟ ವರುಷವು ಬಂದೇ ಬರುವದೆಂದು ತಿಳಿದಿದ್ದರಲ್ಲವೇ? 2023ನೆಯ ವರುಷದಲ್ಲಿ ಕರ್ನಾಟಕದ 236 ತಾಲ್ಲೂಕುಗಳೊಳಗೆ 223ನ್ನು ಬರಪೀಡಿತವೆಂದು ಸರಕಾರವು ಸಾರಿತು. ಹಗೇವುಗಳು ಮುಚ್ಚಿಹೋದವು, ಬರವು ಮಾತ್ರ ಮುಚ್ಚಿಹೋಗಲಿಲ್ಲ.

ಇನ್ನು ಸಣ್ಣ ಬೇಸಾಯವೆಂದರೆ ಎಷ್ಟು? ಸರಕಾರದ ಲೆಕ್ಕದಲ್ಲಿ ಒಂದು ಹೆಕ್ಟೇರಿಗೆ ಕಡಿಮೆ ಉಳ್ಳವನು ಅತಿ ಸಣ್ಣ ರೈತನು, ಒಂದರಿಂದ ಎರಡು ಹೆಕ್ಟೇರು ಉಳ್ಳವನು ಸಣ್ಣ ರೈತನು. 2015-16ರ ಕೃಷಿ ಗಣತಿಯ ಪ್ರಕಾರ ಹಿಂದೂದೇಶದ ಹಿಡುವಳಿಗಳಲ್ಲಿ ನೂರಕ್ಕೆ 86 ಈ ಎರಡು ವರ್ಗಗಳಿಗೆ ಸೇರಿದವು. ಒಂದು ಹಿಡುವಳಿಯ ಸರಾಸರಿ ಅಳತೆಯು 1.08 ಹೆಕ್ಟೇರು, ಅಂದರೆ ಸುಮಾರು 2 ಎಕರೆ 27 ಗುಂಟೆ. ಇಷ್ಟು ಭೂಮಿಯಲ್ಲಿ ಮೂವತ್ತು ಅಡಿಗೊಂದರಂತೆ ತೆಂಗಿನ ಸಸಿಯನ್ನು ನೆಟ್ಟರೆ ಸುಮಾರು ನೂರ ಇಪ್ಪತ್ತೊಂಬತ್ತು ಗಿಡ ಹಿಡಿಯುವವು. ನಾಟಿ ತೆಂಗು ಫಲಕ್ಕೆ ಬರುವದಕ್ಕೆ ಆರೇಳು ವರುಷ ಬೇಕು. ಅಷ್ಟು ವರುಷ ಮನೆಯವರು ಉಣ್ಣುವದು ಏನನ್ನು? 2018-19ರಲ್ಲಿ ಸರಕಾರವು ನಡಿಸಿದ ವಿಚಾರಣೆಯಲ್ಲಿ, ಬೇಸಾಯದ ಕುಟುಂಬವೊಂದರ ತಿಂಗಳ ಸರಾಸರಿ ವರಮಾನವು 10,218 ರೂಪಾಯಿ ಎಂದು ಕಂಡುಬಂತು. ಅದರಲ್ಲಿ ಬೆಳೆಯಿಂದ ಬಂದದ್ದು 3,798 ರೂಪಾಯಿ; ಕೂಲಿ ಮತ್ತು ಸಂಬಳದಿಂದ ಬಂದದ್ದು 4,063 ರೂಪಾಯಿ. ವಾಚಕರು ಇದನ್ನು ಎರಡು ಸಾರಿ ಓದಬೇಕು. ರೈತನೆಂದು ಕರೆಯಿಸಿಕೊಳ್ಳುವವನ ಮನೆಯನ್ನು ಅವನ ಸ್ವಂತ ಹೊಲಕ್ಕಿಂತಲೂ ಪರರ ಕೂಲಿಯೇ ಹೆಚ್ಚಾಗಿ ಸಾಕುತ್ತದೆ. ಅಂಥ ಮನೆಗಳಲ್ಲಿ ಅರ್ಧಕ್ಕೆ ಹೆಚ್ಚಿನವು ಸಾಲದಲ್ಲಿದ್ದವೆಂಬದನ್ನೂ ಆ ವಿಚಾರಣೆಯೇ ತಿಳಿಸಿತು.

ಇದನ್ನು ಹೇಳುವದು ಯಾರನ್ನೂ ಹೆದರಿಸುವದಕ್ಕಲ್ಲ. ಗೋಪುರ ಕಟ್ಟುವವನು ಮೊದಲು ಕುಳಿತುಕೊಂಡು ಖರ್ಚನ್ನು ಎಣಿಸುವ ಸಾಮ್ಯವನ್ನು ನಮ್ಮ ವಾಚಕರು ಚೆನ್ನಾಗಿ ಬಲ್ಲರು. ಎಣಿಸುವದು ಭಯದ ಗುರುತಲ್ಲ. ಎಣಿಸದೆ ಹೊರಡುವದು ಧೈರ್ಯದ ಗುರುತೂ ಅಲ್ಲ.

ಈಗ ನಿಜವಾಗಿ ನಡೆದ ಒಂದು ಸಂಗತಿಯನ್ನು ನೋಡೋಣ. ನಮ್ಮ ನೆರೆಯ ಅರಸೀಕೆರೆ ತಾಲ್ಲೂಕಿನ ಜಾವಗಲ್ಲು ನಮಗೆ ದೂರದ ಊರಲ್ಲ. ಅಲ್ಲಿಯ ಮಣ್ಣೂ ಮಳೆಯೂ ನಮ್ಮವುಗಳ ಹಾಗೆಯೇ ಇವೆ. ಗೊರೂರಿನಲ್ಲಿ ಬೆಳೆದ ಜಿ. ಆರ್. ಗೋಪೀನಾಥರು 1951ರಲ್ಲಿ ಹುಟ್ಟಿದವರು. ವಿಜಾಪುರದ ಸೈನಿಕ ಶಾಲೆಯಲ್ಲಿ ಓದಿ, ದಂಡಿನಲ್ಲಿ ಅಧಿಕಾರಿಯಾಗಿ, 1971ರ ಯುದ್ಧದಲ್ಲಿಯೂ ಸೇವೆ ಮಾಡಿ, ಕ್ಯಾಪ್ಟನ್ ಪದವಿಯಲ್ಲಿರುವಾಗ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ತಾವಾಗಿಯೇ ಆ ಉದ್ಯೋಗವನ್ನು ಬಿಟ್ಟರು. ಗೊರೂರಿನ ಹೇಮಾವತಿ ಅಣೆಕಟ್ಟಿನ ನೀರಿನಲ್ಲಿ ಅವರ ವಂಶದ ಭೂಮಿಯು ಮುಳುಗಿತು. ಅದಕ್ಕೆ ಬದಲಾಗಿ ಸರಕಾರವು ಜಾವಗಲ್ಲಿನ ಬಳಿಯಲ್ಲಿ ಬರಡು ನೆಲವನ್ನು ಕೊಟ್ಟಿತು. ಅವರು ಅಲ್ಲಿ ಡೇರೆ ಹಾಕಿಕೊಂಡು ವಾಸಮಾಡಿ ಬೇಸಾಯಕ್ಕೆ ತೊಡಗಿದರು. ತೆಂಗು, ಹೈನು, ಕೋಳಿ ಸಾಕಣೆ, ರೇಷ್ಮೆ, ಹೀಗೆ ಒಂದಾದ ಮೇಲೊಂದನ್ನು ಹಿಡಿದರು. ನಷ್ಟವನ್ನೂ ಸಾಲವನ್ನೂ ಕಂಡರು. ಕಡೆಗೆ ನೆಲವನ್ನು ಕೆಡಿಸದ ರೀತಿಯಲ್ಲಿ ರೇಷ್ಮೆಯನ್ನು ಬೆಳೆಯುವ ಕ್ರಮವನ್ನು ಕಂಡುಕೊಂಡದ್ದರಿಂದ 1996ರಲ್ಲಿ ರೋಲೆಕ್ಸ್ ಎಂಬ ಅಂತರರಾಷ್ಟ್ರೀಯ ಪುರಸ್ಕಾರವು ಅವರಿಗೆ ದೊರೆಯಿತು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಕೇಳುವದಕ್ಕೆ ಬಹು ಹಿತವಾಗಿರುವದು. ಆದರೆ ಸತ್ಯಕ್ಕೋಸ್ಕರ ಮುಂದಿನದನ್ನೂ ಹೇಳಬೇಕು. ಅವರು ಬೇಸಾಯದಲ್ಲಿರುವಾಗಲೇ ಹಾಸನದಲ್ಲಿ ಮೋಟಾರು ಸೈಕಲ್ಲುಗಳ ವ್ಯಾಪಾರವನ್ನು ನಡಿಸಿದರು. 1997ರಲ್ಲಿ ಹೆಲಿಕಾಪ್ಟರುಗಳ ಸಂಸ್ಥೆಯನ್ನು ಇನ್ನೊಬ್ಬರೊಂದಿಗೆ ಕೂಡಿ ಸ್ಥಾಪಿಸಿದರು. 2003ರಲ್ಲಿ ಕಡಿಮೆ ದರದ ವಿಮಾನಗಳನ್ನು ಹಾರಿಸಿದರು. ಲೋಕವು ಅವರನ್ನು ಈಗ ಬಲ್ಲದ್ದು ವಿಮಾನದಿಂದಲೇ ಹೊರತು ಹೊಲದಿಂದಲ್ಲ. ಆದಕಾರಣ ಈ ದೃಷ್ಟಾಂತದಿಂದ ನಾವು ಕಲಿಯತಕ್ಕದ್ದನ್ನು ಎಚ್ಚರಿಕೆಯಿಂದ ಕಲಿಯಬೇಕು. ಬರಡು ನೆಲದಲ್ಲಿಯೂ ಬುದ್ಧಿಯಿಂದ ದುಡಿಯುವವನು ಬೆಳೆ ತೆಗೆಯಬಹುದೆಂಬದು ಇದರಿಂದ ಸಿದ್ಧವಾಗುತ್ತದೆ. ಸಣ್ಣ ಬೇಸಾಯವೊಂದೇ ಓದಿದವನ ಸಂಸಾರವನ್ನು ಜೀವಮಾನವೆಲ್ಲಾ ಸಾಕುವದೆಂಬದು ಇದರಿಂದ ಸಿದ್ಧವಾಗುವದಿಲ್ಲ. ಉಪದೇಶ ಮಾಡುವವರು ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗಿಬಿಟ್ಟರೆ ಕೇಳುವ ಯೌವನಸ್ಥರಿಗೆ ಅನ್ಯಾಯವಾಗುವದು.

ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ಇದ್ದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರನ್ನೂ (1938-2007) ಇಲ್ಲಿ ನೆನೆಯಬಹುದು. ಅವರು ಮೈಸೂರಿನಲ್ಲಿ ಎಂ.ಎ. ಓದಿದವರು, ತಂದೆಯಾದ ಕುವೆಂಪು ಅವರು ಅಲ್ಲಿಯ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದವರು. ಆದಾಗ್ಯೂ ಅವರು ಕಾಲೇಜಿನ ಅಧ್ಯಾಪಕತ್ವದ ದಾರಿಯನ್ನು ಹಿಡಿಯದೆ ಕಾಫಿಯ ಬೇಸಾಯಕ್ಕೆ ಹೋದರು. ಜಪಾನ್ ದೇಶದ ಮಸನೊಬು ಫುಕುವೊಕಾ ಎಂಬವರ ಬೇಸಾಯದ ವಿಷಯವನ್ನು ಕನ್ನಡಿಗರಿಗೆ ತಿಳಿಸಿದವರೊಳಗೆ ತೇಜಸ್ವಿಯವರೂ ಒಬ್ಬರು. ಈ ಫುಕುವೊಕಾ ಎಂಬವರ ಚರಿತ್ರೆಯಲ್ಲಿ ನಮ್ಮ ಪ್ರಶ್ನೆಗೆ ಬೇಕಾದ ಒಂದು ಮುಖ್ಯ ಪಾಠವಿದೆ. ಅವರು ಯೊಕೊಹಾಮಾ ರೇವಿನ ಸುಂಕದ ಇಲಾಖೆಯಲ್ಲಿ ಗಿಡಗಳ ರೋಗಗಳನ್ನು ಪರೀಕ್ಷಿಸುವ ಉದ್ಯೋಗದಲ್ಲಿದ್ದು, 1938ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ ಅದನ್ನು ಬಿಟ್ಟು ಊರಿಗೆ ಬಂದರು. ಮನುಷ್ಯನು ಕೈ ಹಾಕದಿದ್ದರೆ ಪ್ರಕೃತಿಯು ತಾನೇ ಎಲ್ಲವನ್ನೂ ಸರಿಮಾಡುವದೆಂದು ನಂಬಿ, ತಂದೆಯ ಕಿತ್ತಳೆ ತೋಟವನ್ನು ಸವರದೆ ಹಾಗೆಯೇ ಬಿಟ್ಟರು. ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡವು, ಹುಳ ಹತ್ತಿತು, ಗಿಡಗಳು ಸತ್ತವು. ಅವರು ತಿರಿಗಿ ಉದ್ಯೋಗಕ್ಕೆ ಹೋಗಿ, ಎರಡನೆಯ ಲೋಕಯುದ್ಧವು ಮುಗಿದ ತರುವಾಯವೇ ಊರಿಗೆ ಬಂದು ನೆಲೆಯಾಗಿ ನಿಂತರು. ಅವರಿಗೆ ಕೀರ್ತಿ ತಂದ ಪುಸ್ತಕವು ಪ್ರಕಟವಾದದ್ದು 1975ರಲ್ಲಿ. ಅಷ್ಟರಲ್ಲಿ ಮೊದಲು ಉದ್ಯೋಗ ಬಿಟ್ಟು ಮೂವತ್ತೇಳು ವರುಷಗಳು ಕಳೆದಿದ್ದವು.

ಆ ಮೊದಲನೆಯ ಪ್ರಯೋಗದ ಖರ್ಚನ್ನು ಕೊಟ್ಟವರು ಯಾರು? ಮಗನ ಮನಸ್ಸಿನಲ್ಲಿ ಹುಟ್ಟಿದ ಯೋಚನೆಗೆ ತಂದೆಯ ಗಿಡಗಳು ಸತ್ತವು. ಇಲ್ಲಿಯೇ ನಮ್ಮ ವಿಚಾರದ ತಿರುಳು ಇದೆ. ಉದ್ಯೋಗವನ್ನು ಬಿಡುವವನು, "ನಾನು ನನ್ನ ಸುಖವನ್ನು ತ್ಯಾಗ ಮಾಡಿದೆನು" ಅನ್ನುತ್ತಾನೆ. ತನ್ನದನ್ನು ಕೊಟ್ಟರೆ ಅದು ತ್ಯಾಗವೇ ಸರಿ. ಆದರೆ ಹೆಂಡತಿಯ ನೆಮ್ಮದಿಯನ್ನೂ, ಮಕ್ಕಳ ಓದನ್ನೂ, ತಂದೆತಾಯಿಗಳ ಮುಪ್ಪಿನ ಔಷಧವನ್ನೂ ಕೊಟ್ಟು ಅದಕ್ಕೆ ತನ್ನ ತ್ಯಾಗವೆಂದು ಹೆಸರಿಡುವದು ನ್ಯಾಯವಲ್ಲ. ಪರರ ಹಣದಿಂದ ದಾನ ಮಾಡಿದವನಿಗೆ ದಾನದ ಪುಣ್ಯವು ಸಲ್ಲುವದೇ?

ನಮ್ಮ ಹೋಬಳಿಯ ಒಂದು ಮನೆಯನ್ನು ಭಾವಿಸಿಕೊಳ್ಳಿರಿ. ಮಗನು ಬೆಂಗಳೂರಿನ ಒಂದು ಕಂಪೆನಿಯಲ್ಲಿ ಹತ್ತು ವರುಷ ದುಡಿದು, ಯುಗಾದಿಯ ರಜಕ್ಕೆ ಬಂದವನು ರಾತ್ರಿ ಊಟವಾದ ಮೇಲೆ ಮಾತೆತ್ತುತ್ತಾನೆ. ತಂದೆಯು, "ಮಗಾ, ಕೆರೆಯ ಕೆಳಗಿನ ಅರ್ಧ ಎಕರೆಯನ್ನು ಮಾರಿ ನಿನ್ನನ್ನು ಓದಿಸಿದ್ದು ಈ ಮಣ್ಣಿನಿಂದ ನಿನ್ನನ್ನು ಬಿಡಿಸುವದಕ್ಕಲ್ಲವೇನೋ? ನೀನು ತಿರಿಗಿ ಇಲ್ಲಿಗೇ ಬರುವದಾದರೆ ಆ ಅರ್ಧ ಎಕರೆ ಹೋದದ್ದು ಯಾತಕ್ಕೆ?" ಅನ್ನುತ್ತಾನೆ. ಮಗನು, "ಅಪ್ಪಾ, ನೀವು ಓದಿಸಿದ್ದು ನಾನು ಸುಖವಾಗಿರಲಿ ಎಂದಲ್ಲವೇ? ಅಲ್ಲಿ ನನಗೆ ಸುಖವಿಲ್ಲ. ನಾನು ಮಾಡುವ ಕೆಲಸದಿಂದ ಯಾರಿಗೆ ಏನು ಉಪಕಾರವಾಗುತ್ತದೋ ನನಗೇ ತಿಳಿಯದು. ಇಲ್ಲಿ ಒಂದು ಸಸಿ ನೆಟ್ಟರೆ ಅದು ಬೆಳೆಯುವದನ್ನಾದರೂ ಕಣ್ಣಾರೆ ನೋಡುವೆನು" ಅನ್ನುತ್ತಾನೆ. ತಾಯಿಯು ಏನೂ ಹೇಳದೆ ಸೊಸೆಯ ಮುಖವನ್ನು ನೋಡುತ್ತಾಳೆ.

ಇವರೊಳಗೆ ಯಾರು ಸರಿ? ತಂದೆಯ ಮಾತಿನಲ್ಲಿ ಲೋಭವಿಲ್ಲ. ಸಂಬಳದ ಮೇಲೆ ಅವನಿಗಿರುವ ನಂಬಿಕೆಯು ಹಣದಾಸೆಯಿಂದ ಹುಟ್ಟಿದ್ದಲ್ಲ. ಒಣಗಿದ ತೋಟದಲ್ಲಿ ಸುಳಿ ಬಿದ್ದ ತೆಂಗಿನ ಮರಗಳನ್ನು ಎಣಿಸುತ್ತಾ ನಿಂತದ್ದರಿಂದ ಹುಟ್ಟಿದ್ದು. ಮಗನ ಮಾತಿನಲ್ಲಿಯೂ ಹುಡುಗತನವಿಲ್ಲ. ತನ್ನ ದುಡಿಮೆಯು ಯಾರ ತಟ್ಟೆಯನ್ನು ತುಂಬುತ್ತದೆಂದು ಕೇಳುವದು ಮನುಷ್ಯನಿಗೆ ಯೋಗ್ಯವಾದ ಪ್ರಶ್ನೆಯೇ. ನಮಗೆ ತೋರುವದೇನಂದರೆ, ಮಗನ ಓದು ಮಗನೊಬ್ಬನ ಸೊತ್ತಲ್ಲ, ಹಾಗೆಯೇ ತಂದೆಯೊಬ್ಬನ ಸೊತ್ತೂ ಅಲ್ಲ. ತಂದೆಯು ಭೂಮಿಯನ್ನು ಮಾರಿದ್ದರಿಂದ ಮಗನ ಜೀವಮಾನವನ್ನು ಕೊಂಡುಕೊಂಡ ಹಾಗಾಗಲಿಲ್ಲ. ಆದರೆ ಋಣವೊಂದು ಇದ್ದೇ ಇದೆ. ತಂದೆತಾಯಿಗಳ ಊಟ, ಔಷಧ, ಅವರ ಹೆಸರಿನ ಸಾಲ, ಇವುಗಳಿಗೆ ಮೊದಲು ಏರ್ಪಾಡು ಮಾಡಿದ ಮಗನು ತನ್ನ ದಾರಿಯನ್ನು ಆರಿಸಿಕೊಳ್ಳಲಿ; ಮಾಡದವನು ಕಾಯಲಿ. ಕಾಯುವದು ಸೋಲಲ್ಲ.

ಆ ಮನೆಯಲ್ಲಿ ಮಾತಾಡದೆ ಇದ್ದ ಸೊಸೆಯನ್ನು ನಾವು ಮರೆಯಕೂಡದು. ಬೇಸಾಯದ ಮನೆಯಲ್ಲಿ ಕೋಳಿ ಕೂಗುವದಕ್ಕೆ ಮುಂಚೆ ಏಳುವವಳು ಯಾರು? ಕೊಟ್ಟಿಗೆ ಬಳಿಯುವವಳು, ಹಾಲು ಕರೆಯುವವಳು, ಕಳೆ ಕೀಳುವವಳು, ಕೂಲಿಯವರಿಗೆ ಬುತ್ತಿ ಹೊರುವವಳು ಯಾರು? ಗಂಡನು ಉದ್ಯೋಗವನ್ನು ಬದಲಾಯಿಸಿದರೆ ಅವನಿಗೆ ಒಂದು ಕೆಲಸ ಹೋಗಿ ಇನ್ನೊಂದು ಬರುವದು. ಅವಳಿಗೆ ಇದ್ದ ಕೆಲಸದ ಮೇಲೆ ಇನ್ನೊಂದು ಬರುವದು. ಆದಕಾರಣ ಅವಳ ಒಪ್ಪಿಗೆಯನ್ನು ಎಲ್ಲಾ ತೀರ್ಮಾನವಾದ ಮೇಲೆ ಕೇಳುವದು ಕೇಳಿದ ಹಾಗಲ್ಲ. "ಬೇಡ" ಎಂದು ಹೇಳುವದಕ್ಕೆ ಅವಳಿಗೆ ಸ್ವಾತಂತ್ರ್ಯವಿದ್ದರೆ ಮಾತ್ರ ಅವಳ "ಹೂಂ" ಎಂಬದಕ್ಕೆ ಬೆಲೆಯುಂಟು.

ಖರ್ಚನ್ನು ಹೊರುವವರು ಮನೆಯೊಳಗೆ ಮಾತ್ರ ಇರುವದಿಲ್ಲ. ಬೇಲಿಯ ಆಚೆಯಲ್ಲಿಯೂ ಇದ್ದಾರೆ. ನೆರೆಯ ಹೊಲದ ರೈತನನ್ನು ನೋಡಿರಿ. ಉದ್ಯೋಗ ಬಿಟ್ಟು ಬಂದವನಿಗೆ ಬೆಳೆ ಹೋದರೆ ತಿರಿಗಿ ಪಟ್ಟಣಕ್ಕೆ ಹೋಗುವದಕ್ಕೆ ಓದು ಇದೆ, ಪರಿಚಯವಿದೆ, ಕೂಡಿಟ್ಟ ಹಣವಿದೆ. ನೆರೆಯವನಿಗೆ ಬೆಳೆ ಹೋದರೆ ಅವನು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗಬೇಕು, ಇಲ್ಲವೆ ಸಾಲಗಾರನ ಬಾಗಿಲಿಗೆ ಹೋಗಬೇಕು. ಇಬ್ಬರೂ ಒಂದೇ ಮಳೆಗೆ ಕಾಯುತ್ತಾರೆ, ಆದರೆ ಇಬ್ಬರ ಕಾಯುವಿಕೆಯೂ ಒಂದೇ ಅಲ್ಲ. ಆರಿಸಿಕೊಂಡ ಬಡತನಕ್ಕೂ ತಪ್ಪಿಸಿಕೊಳ್ಳಲಾರದ ಬಡತನಕ್ಕೂ ಬಹಳ ಅಂತರವಿದೆ. ಮೊದಲನೆಯದನ್ನು ಪತ್ರಿಕೆಗಳು ಹೊಗಳುತ್ತವೆ. ಎರಡನೆಯದನ್ನು ಯಾರೂ ಬರೆಯುವದಿಲ್ಲ. ಬಂದವನು ಈ ಅಂತರವನ್ನು ಮರೆಯದೆ ಇದ್ದರೆ ಅವನ ನಾಲಿಗೆಯು ಮೃದುವಾಗಿರುವದು. ಮರೆತರೆ, ಎರಡು ವರುಷದ ಬೇಸಾಯದಿಂದ ಎಪ್ಪತ್ತು ವರುಷದ ರೈತನಿಗೆ ಬುದ್ಧಿ ಹೇಳುವದಕ್ಕೆ ಹೊರಡುವನು.

ಭೂಮಿಯ ಬೆಲೆಯ ವಿಷಯವೂ ಉಂಟು. ಉಳುವವನೇ ಒಡೆಯನಾಗಲಿ ಎಂಬ ಉದ್ದೇಶದಿಂದ 1974ರಲ್ಲಿ ಕರ್ನಾಟಕದ ಭೂಸುಧಾರಣೆಯ ಕಾಯಿದೆಯು ಬಲಪಡಿಸಲ್ಪಟ್ಟಿತು. ಬೇಸಾಯಗಾರರಲ್ಲದವರೂ, ಬೇಸಾಯವಲ್ಲದ ಆದಾಯವು ಒಂದು ಮಿತಿಯನ್ನು ಮೀರಿದವರೂ ಕೃಷಿಭೂಮಿಯನ್ನು ಕೊಳ್ಳದಂತೆ ತಡೆಯುತ್ತಿದ್ದ ಆ ಕಾಯಿದೆಯ 79ಎ, 79ಬಿ ಕಲಮುಗಳು 2020ರಲ್ಲಿ ತೆಗೆದುಹಾಕಲ್ಪಟ್ಟವು. ಅಂದಿನಿಂದ ಪಟ್ಟಣದ ಹಣಕ್ಕೆ ಹಳ್ಳಿಯ ಹೊಲದ ಬಾಗಿಲು ತೆರೆಯಿತು. ಕಾಯಿದೆಯು ಅನುಮತಿಸುವದೆಲ್ಲವೂ ಧರ್ಮವಾಗುವದಿಲ್ಲ. ತಂದೆಯ ಹೊಲಕ್ಕೆ ಹಿಂದಿರುಗುವವನೂ, ಕಷ್ಟದಲ್ಲಿರುವ ರೈತನ ಹೊಲವನ್ನು ಅಗ್ಗಕ್ಕೆ ಕೊಂಡು ರೈತನೆನ್ನಿಸಿಕೊಳ್ಳುವವನೂ ಒಂದೇ ಅಲ್ಲ. ಒಬ್ಬನು ಬೇಸಾಯಕ್ಕೆ ಬಂದದ್ದರಿಂದ ಇನ್ನೊಬ್ಬನು ಬೇಸಾಯದಿಂದ ಹೊರಗೆ ಬಿದ್ದರೆ ಹಳ್ಳಿಗೆ ಬಂದ ಲಾಭವೇನು?

ನೀರಿನ ಸಂಗತಿಯು ಇನ್ನೂ ಸೂಕ್ಷ್ಮವಾದದ್ದು. ಭೂಮಿಗೆ ಬದುವುಂಟು, ಬೇಲಿಯುಂಟು. ನೆಲದೊಳಗಿನ ನೀರಿಗೆ ಬದುವಿಲ್ಲ. ಹಣವುಳ್ಳವನು ನೆರೆಯವನ ಬೋರಿಗಿಂತ ಆಳಕ್ಕೆ ಕೊರೆಯಿಸಿ ಅಡಿಕೆಗೆ ನೀರು ಹಾಯಿಸಿದರೆ, ನೆರೆಯವನ ಬೋರು ಬತ್ತಬಹುದು. ಯಾವ ನ್ಯಾಯಸ್ಥಾನದಲ್ಲಿಯೂ ಇದನ್ನು ಕಳವೆಂದು ರುಜುಪಡಿಸುವದು ಸುಲಭವಲ್ಲ. ಆದರೆ ಬತ್ತಿದ ಬೋರಿನ ಮುಂದೆ ನಿಂತವನಿಗೆ ರುಜುವಾತು ಬೇಕಾಗುವದಿಲ್ಲ. ಆದಕಾರಣ ಹೊಸದಾಗಿ ಬರುವವನು, "ನನ್ನ ಭೂಮಿಯು ಎಷ್ಟು ಕೊಡುವದು?" ಎಂಬದಕ್ಕೆ ಮುಂಚೆ, "ಈ ಊರಿನ ನೀರು ಎಷ್ಟನ್ನು ತಾಳುವದು?" ಎಂದು ಕೇಳಬೇಕು. ರಾಗಿಗೆ ಸಾಲುವ ಮಳೆಯ ನೆಲದಲ್ಲಿ ಮಲೆನಾಡಿನ ಬೆಳೆಯನ್ನು ಬಯಸುವದು ಮೊದಲನೆಯ ದೋಷ.

ಹಾಗಾದರೆ ಯಾರೂ ಬಾರದಿರುವದೇ ಒಳ್ಳೆಯದೆಂದು ನಾವು ಹೇಳುತ್ತೇವೋ? ಇಲ್ಲ. ಸ್ಥಿರವಾದ ಉದ್ಯೋಗವೆಂಬದು ಎಷ್ಟು ಸ್ಥಿರವೆಂದು 2020ರ ಸಾಂಕ್ರಾಮಿಕ ರೋಗದ ಕಾಲದಲ್ಲಿ ನಾವೆಲ್ಲರೂ ಕಂಡೆವು. ಪಟ್ಟಣಗಳ ಬಾಗಿಲು ಮುಚ್ಚಿದಾಗ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ಹಳ್ಳಿಗಳಿಗೆ ಬಂದರು; ರಾಗಿಯ ಮುದ್ದೆಯೇ ಅವರನ್ನು ಸಾಕಿತು. ಸಂಬಳವು ಒಂದು ಭದ್ರತೆ, ಅದೊಂದೇ ಭದ್ರತೆಯಲ್ಲ. ಅಲ್ಲದೆ ಬೇಸಾಯಕ್ಕೆ ಇಂದು ಬಂದಿರುವ ದೊಡ್ಡ ಕೇಡು ಬಡತನವೊಂದೇ ಅಲ್ಲ, ತಾತ್ಸಾರವೂ ಹೌದು. ಪಾಠಶಾಲೆಯಲ್ಲಿ ಓದದ ಹುಡುಗನಿಗೆ, "ದನ ಕಾಯುವದಕ್ಕೆ ಹೋಗು" ಎಂದು ಗದರಿಸುವದು ನಮ್ಮ ಸೀಮೆಯ ರೂಢಿ. ಅನ್ನ ಬೆಳೆಯುವ ಕೆಲಸವನ್ನು ಶಿಕ್ಷೆಯ ಹೆಸರಾಗಿ ಮಾಡಿದ ಮೇಲೆ ಮಕ್ಕಳು ಅದನ್ನು ಗೌರವಿಸುವದು ಹೇಗೆ? ಬೇಸಾಯಗಾರನಿಗೆ ಹೆಣ್ಣು ಕೊಡುವವರಿಲ್ಲವೆಂದು 2023ರಲ್ಲಿ ಮಂಡ್ಯ ಜಿಲ್ಲೆಯ ಮದುವೆಯಿಲ್ಲದ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಜನರು ಅದನ್ನು ನೋಡಿ ನಕ್ಕರು. ನಗುವ ಸಂಗತಿಯೇನೂ ಅದರಲ್ಲಿ ಇರಲಿಲ್ಲ. ಹೆಣ್ಣಿನ ತಂದೆತಾಯಿಗಳನ್ನೂ ದೂರಲಾಗದು, ಯಾಕಂದರೆ ಮೇಲೆ ಹೇಳಿದ ಲೆಕ್ಕವನ್ನು ಅವರೂ ಬಲ್ಲರು. ಇಂಥಾ ಕಾಲದಲ್ಲಿ, ಕುರ್ಚಿಯ ಮೇಲೆ ಕುಳಿತುಕೊಳ್ಳಬಲ್ಲವನು ತಾನಾಗಿಯೇ ಕುಡುಗೋಲು ಹಿಡಿದರೆ, ಈ ಕೆಲಸವು ಕೈಲಾಗದವರ ಪಾಲಿನದಲ್ಲವೆಂದು ನೋಡುವ ಮಕ್ಕಳಿಗೆ ತಿಳಿಯುವದು. ಇದು ಸಣ್ಣ ಉಪಕಾರವಲ್ಲ.

ಮತ್ತು ಓದಿದವನ ಓದು ಹಳ್ಳಿಯಲ್ಲಿ ವ್ಯರ್ಥವಾಗಬೇಕಾಗಿಲ್ಲ. ಔಷಧದ ಡಬ್ಬಿಯ ಮೇಲಿನ ಅಳತೆಯನ್ನು ಓದಿ ಹೇಳುವವನು, ಬೆಳೆವಿಮೆಯ ಅರ್ಜಿಯನ್ನು ವಾಯಿದೆಯೊಳಗೆ ಬರೆದುಕೊಡುವವನು, ಮಾರುಕಟ್ಟೆಯ ದರವನ್ನು ವಿಚಾರಿಸಿ ಹತ್ತು ಮನೆಯ ಈರುಳ್ಳಿಯನ್ನು ಒಟ್ಟಿಗೆ ಸಾಗಿಸುವವನು, ಸಹಕಾರ ಸಂಘದ ಲೆಕ್ಕವನ್ನು ಹೆದರದೆ ಕೇಳುವವನು ಊರಿಗೊಬ್ಬನಿದ್ದರೆ ಎಷ್ಟೋ ಮನೆಗಳು ಉಳಿಯುವವು. ಹೀಗೆ ಬರುವವನು ತನ್ನ ಎರಡು ಎಕರೆಗೆ ಮಾತ್ರ ಬಂದವನಲ್ಲ, ಊರಿಗೆ ಬಂದವನು.

ಆದರೂ ಹೊರಡುವವನು ತನ್ನ ಹೃದಯವನ್ನು ಒಂದು ಸಾರಿ ಶೋಧಿಸಿಕೊಳ್ಳಲಿ. ತಾನು ಒಂದರಿಂದ ಓಡಿಹೋಗುತ್ತಿದ್ದೇನೋ, ಅಥವಾ ಇನ್ನೊಂದರ ಕಡೆಗೆ ನಡೆಯುತ್ತಿದ್ದೇನೋ? ಸುಳ್ಳು ಹೇಳುವಂತೆಯೂ ಬಡವರನ್ನು ವಂಚಿಸುವಂತೆಯೂ ಬಲಾತ್ಕರಿಸುವ ಉದ್ಯೋಗವಿದ್ದರೆ ಅದನ್ನು ಬಿಡುವದಕ್ಕೆ ಬೇಸಾಯದ ನೆವವು ಬೇಕಾಗಿಲ್ಲ, ಬಿಡುವದೇ ಧರ್ಮ. ಆದರೆ ಮೇಲಧಿಕಾರಿಯ ಮಾತು ಕಠಿನವೆಂದೂ ದಿವಸಗಳು ಬೇಸರವೆಂದೂ ಬರುವವನು ತಿಳಿದುಕೊಳ್ಳಲಿ: ಮಳೆಗಿಂತ ಕಠಿನನಾದ ಅಧಿಕಾರಿ ಇಲ್ಲ, ಅದು ಅರ್ಜಿಯನ್ನು ತೆಗೆದುಕೊಳ್ಳುವದಿಲ್ಲ, ರಜವನ್ನು ಕೊಡುವದಿಲ್ಲ. ಕಳೆ ಕೀಳುವದಕ್ಕಿಂತ ಬೇಸರವಾದ ಕೆಲಸವೂ ವಿರಳ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯು ನಿಜವೇ; ಆದರೆ ಎಷ್ಟೋ ವರುಷ ಕೆಸರು ಮಾತ್ರ ದೊರೆತು ಮೊಸರು ದೊರೆಯದೆ ಹೋಗುವದೂ ನಿಜವೇ.

ಇದರಿಂದ ನಮ್ಮ ಅಭಿಪ್ರಾಯವನ್ನು ಹೀಗೆ ಹೇಳುವೆವು. ಉದ್ಯೋಗವನ್ನು ಬಿಟ್ಟು ಬೇಸಾಯಕ್ಕೆ ಬರುವದು ತನ್ನಷ್ಟಕ್ಕೆ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಖರ್ಚನ್ನು ತಾನು ಹೊರುವವನಿಗೆ ಅದು ಯುಕ್ತ. ಬಲಹೀನರ ಮೇಲೆ ಹೊರಿಸುವವನಿಗೆ ಅಯುಕ್ತ. ಉದ್ಯೋಗದಲ್ಲಿರುವಾಗಲೇ ಎರಡು ಮೂರು ಮಳೆಗಾಲ ಊರಿಗೆ ಬಂದು ಹೋಗುತ್ತಾ ಸಸಿಗಳನ್ನು ನೆಟ್ಟು, ಬೆಳೆಯ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟು ನೋಡಲಿ. ಇರುವ ಮನೆಯನ್ನು ಅಡವಿಟ್ಟು ಬೋರು ಕೊರೆಯಿಸದಿರಲಿ. ಮನೆಯ ಒಂದು ವರುಷದ ಊಟಕ್ಕೆ ಸಾಲುವಷ್ಟನ್ನು, ನಮ್ಮ ಹಿರಿಯರು ಹಗೇವಿನಲ್ಲಿ ಇಟ್ಟ ಹಾಗೆ, ಮುಟ್ಟದೆ ಇಡಲಿ. ನೆರೆಯ ಮುದಿ ರೈತನ ಬಳಿಗೆ ಕಲಿಯುವವನಾಗಿ ಹೋಗಲಿ. ಕೂಲಿಯವನ ಕೂಲಿಯನ್ನು ತನ್ನ ಲಾಭಕ್ಕೆ ಮುಂಚೆ ಎಣಿಸಲಿ.

ಕೊನೆಯದಾಗಿ ಸಭೆಯವರಿಗೂ ಊರಿನ ಹಿರಿಯರಿಗೂ ಒಂದು ಮಾತು. ಹೀಗೆ ಬಂದವರೊಳಗೆ ಕೆಲವರು ನಿಲ್ಲುವರು, ಕೆಲವರು ನಾಲ್ಕೈದು ವರುಷಕ್ಕೆ ಹಿಂದಿರುಗುವರು. ಹಿಂದಿರುಗುವವನು ಬಸ್ಸಿಗೆ ನಿಂತಿರುವಾಗ ಅವನನ್ನು ನೋಡಿ ನಗಬೇಡಿರಿ. ಜಾವಗಲ್ಲಿನ ಹೊಲದಿಂದ ಬೇರೆ ಕೆಲಸಕ್ಕೆ ಹೋದವರನ್ನು ಯಾರೂ ಸೋತವರೆಂದು ಕರೆಯಲಿಲ್ಲ, ಅವರು ಮುಂದೆ ಗೆದ್ದದ್ದರಿಂದ. ಗೆಲ್ಲದವನಿಗೂ ಅದೇ ನ್ಯಾಯವು ಸಲ್ಲಬೇಕು. ಅವನು ನೆಟ್ಟ ಗಿಡಗಳಿಗೆ ಅವನು ತಿರಿಗಿ ಬರುವ ತನಕ ನೀರು ಹಾಕುವವರು ಊರಿನಲ್ಲಿ ಇದ್ದರೆ ಸಾಕು.